ಗಾಲಿಯ ಮೇಲಿನ ಮನೆಯಲ್ಲಿ ಬಳಗದ ಕೂಟಕ್ಕೆ

ಕೊಲ್ಲಾರಿ ಕಟ್ಟಿದ ಚಕ್ಕಡಿಯಲ್ಲಿ ಉಳವಿಯ ಜಾತ್ರೆಗೆ ಹೋಗಿ ಬಂದ ಹಿರಿಯರಿಗೆ ನಾವು ಹೇಳಹೊರಟಿರುವ ಪ್ರವಾಸ ತೀರ ಹೊಸದೆನಿಸಲಾರದು. ರೊಟ್ಟಿಯ ಬುತ್ತಿ, ನೀರು, ಹಾಸಿಗೆ, ಹೊದಿಕೆಗಳನ್ನೆಲ್ಲ ಬಂಡಿಯಲ್ಲಿಯೇ ತುಂಬಿಕೊಂಡು, ಹೊತ್ತು ಮುಳುಗಿದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡಿಗೆ ಮಾಡಿ ಉಂಡು ಮಲಗುವುದು ನಮ್ಮ ಕಡೆಯ ಪದ್ಧತಿ. 2023ರ ಜುಲೈ ತಿಂಗಳಲ್ಲಿ ನಾವು ದಂಪತಿಗಳು ಅಮೇರಿಕದಲ್ಲಿ ಪಯಣಿಸಿದ್ದೂ ಅಂಥದೇ ಬಂಡಿಯಲ್ಲಿ, ಎತ್ತುಗಳಿರಲಿಲ್ಲ, ಅಷ್ಟೆ. ಅಲ್ಲಿಯವರು ಅದನ್ನು ಕ್ಯಾಂಪರ್ ಎನ್ನುತ್ತಾರೆ.

ನಾವು ಹೊರಟದ್ದು ನಮ್ಮ ಬಳಗದ ಕೂಟಕ್ಕೆ. ನಮ್ಮ ತಂದೆಯವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ 38 ಜನ ಸೌತ್ ಡಕೋಟ ರಾಜ್ಯದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ನಾಲ್ಕು ದಿನ ಕೂಡಿರುವುದೆಂದು ನಿಶ್ಚಯವಾಗಿತ್ತು. ಯಾರ ಊರೂ ಅಲ್ಲದ ಈ ಸ್ಥಳವನ್ನು ಆರಿಸಿದವರು ಕಿರಿಯರು. ಅದರ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಅಣ್ಣನವರು 1969ರಲ್ಲಿಯೇ ಅಮೇರಿಕಕ್ಕೆ ಹೋಗಿ ನೆಲೆಸಿದವರು. ಊರಿನಲ್ಲಿದ್ದ ಹಿರಿಯರ ಮನೆಯ ಗೋಡೆ ಬಿರುಕು ಬಿಟ್ಟಿತ್ತು. ಅಲ್ಲಿ ದೀಪ ಹಚ್ಚುವವರಿರಲಿಲ್ಲ. ಅವರು ಬರೆದುಕೊಟ್ಟ ಮುಖತ್ಯಾರಪತ್ರ ನಮ್ಮ ಕೈಯಲ್ಲಿತ್ತು. 2014ರಲ್ಲಿ ಆ ಮನೆಯನ್ನು ಮಾರಿದೆವು. ಮಾರಿದ ಮೇಲೆ ಅವರಿಗೆ ತಿಳಿಸಿದೆವು. ಅವರ ಪಾಲಿನ ಹಣವನ್ನು ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟೆವು. ಅವರು ಅದನ್ನು ಮುಟ್ಟಲಿಲ್ಲ. ಅಂದಿನಿಂದ ಯುಗಾದಿ, ದೀಪಾವಳಿಗಳಲ್ಲಿ ಅತ್ತಿಗೆಯವರೊಡನೆ ಮಾತ್ರ ಫೋನಿನಲ್ಲಿ ನಾಲ್ಕು ಮಾತು ನಡೆಯುತ್ತಿತ್ತು.

ಮಗಳ ಮನೆಯಿರುವ ಮಿನಿಯಾಪೊಲಿಸ್ ನಗರದಿಂದ ಬ್ಲ್ಯಾಕ್ ಹಿಲ್ಸ್ ಸುಮಾರು 950 ಕಿಲೋಮೀಟರು. ಸಕ್ಕರೆ ಕಾಯಿಲೆಯವರಾದ ನಮಗೆ ದಾರಿಯಲ್ಲಿ ತೊಂದರೆಯಾಗಬಾರದೆಂದು ಅಳಿಯಂದಿರು 25 ಅಡಿ ಉದ್ದದ ಕ್ಯಾಂಪರನ್ನು ಬಾಡಿಗೆಗೆ ತಂದಿದ್ದರು. ಚಾಲಕನ ತಲೆಯ ಮೇಲೆ ಮೊಮ್ಮಗಳಿಗೊಂದು ಅಟ್ಟದಂಥ ಹಾಸಿಗೆ, ಹಿಂದೆ ನಮಗೊಂದು ಮಂಚ. ನಡುವೆ ಗ್ಯಾಸಿನ ಒಲೆ, ಫ್ರಿಜ್, ಸ್ನಾನಗೃಹ, ಶೌಚಗೃಹ. ಊಟದ ಮೇಜನ್ನು ತಗ್ಗಿಸಿದರೆ ಅದೂ ಒಂದು ಹಾಸಿಗೆ. ಒಲೆಗೂ ಶೌಚಗೃಹಕ್ಕೂ ಮೂರೇ ಹೆಜ್ಜೆಯ ಅಂತರವಿದ್ದುದು ನಮ್ಮ ಮನೆಯವರಿಗೆ ಮೊದಲ ದಿನ ಸರಿಬರಲಿಲ್ಲ. ಕಪಾಟುಗಳ ಚಿಲಕ ಹಾಕುವುದನ್ನು ಮರೆತು ಮೊದಲ ತಿರುವಿನಲ್ಲಿಯೇ ಶೇಂಗಾ ಚಟ್ನಿಪುಡಿಯ ಡಬ್ಬಿ ಉರುಳಿ ಗಾಡಿಯೆಲ್ಲ ಘಮಘಮಿಸಿತು.

ಕುಡಿಯುವ ನೀರಿಗೊಂದು ತೊಟ್ಟಿ. ಬಚ್ಚಲು, ಪಾತ್ರೆಗಳ ನೀರಿಗೊಂದು. ಶೌಚಕ್ಕೆ ಬೇರೆಯೇ ಒಂದು. ಹೊಲಸು ನೀರನ್ನು ದಾರಿಯಲ್ಲಿ ಬಿಡುವಂತಿಲ್ಲ. ಅದಕ್ಕೆಂದೇ ಇರುವ ಸ್ಥಳದಲ್ಲಿ ದಪ್ಪ ಕೊಳವೆ ಜೋಡಿಸಿ ಖಾಲಿ ಮಾಡಬೇಕು. ದೊಡ್ಡ ಹುದ್ದೆಯಲ್ಲಿರುವ ಅಳಿಯಂದಿರು ಕೈಗವಸು ತೊಟ್ಟು ಈ ಕೆಲಸವನ್ನು ಯಾವ ಸಂಕೋಚವೂ ಇಲ್ಲದೆ ಮಾಡಿದ್ದನ್ನು ಕಂಡು ಅವರ ಮೇಲಿನ ನಮ್ಮ ಗೌರವ ಹೆಚ್ಚಿತು. ತೊಟ್ಟಿ ಚಿಕ್ಕದಾದ್ದರಿಂದ ನಾವೂ ಸ್ನಾನ, ಲಿಂಗಪೂಜೆಗಳನ್ನು ನಾಲ್ಕಾರು ತಂಬಿಗೆ ನೀರಿನಲ್ಲಿ ಮುಗಿಸುವುದನ್ನು ರೂಢಿಸಿಕೊಂಡೆವು.

ದಾರಿಯುದ್ದಕ್ಕೂ ಗೋವಿನಜೋಳದ ಹೊಲಗಳು. ಮಿಚೆಲ್ ಎಂಬ ಊರಿನಲ್ಲಿ 1892ರಿಂದಲೂ ಪ್ರಸಿದ್ಧವಾದ ಜೋಳದ ಅರಮನೆಯಿದೆ. ಬಣ್ಣಬಣ್ಣದ ತೆನೆಗಳನ್ನು ಸೀಳಿ, ಗೋಡೆಗೆ ಮೊಳೆ ಹೊಡೆದು ಚಿತ್ರ ಬಿಡಿಸುತ್ತಾರೆ. ಚೇಂಬರ್‌ಲೇನ್ ಎಂಬಲ್ಲಿ ಮಿಸೌರಿ ನದಿಯ ದಂಡೆಯ ಮೇಲೆ, 2016ರಲ್ಲಿ ನಿಲ್ಲಿಸಿದ 50 ಅಡಿ ಎತ್ತರದ ಉಕ್ಕಿನ ವಿಗ್ರಹವೊಂದಿದೆ: ಮೂಲನಿವಾಸಿ ಮಹಿಳೆಯೊಬ್ಬಳು ನಕ್ಷತ್ರದ ಚಿತ್ತಾರವುಳ್ಳ ಹೊದಿಕೆಯನ್ನು ಬೆನ್ನಹಿಂದೆ ಹರಡಿ ಹಿಡಿದು ನಿಂತಿದ್ದಾಳೆ. ಗೌರವಕ್ಕೆ ಪಾತ್ರರಾದವರಿಗೆ ಅಂಥ ಹೊದಿಕೆ ಹೊದಿಸುವುದು ಆ ಜನರ ಪದ್ಧತಿ. “ಇದು ನಮ್ಮ ಕೌದೀನ ನೋಡ್ರಿ” ಎಂದರು ನಮ್ಮ ಮನೆಯವರು. ನಮ್ಮ ಪೆಟ್ಟಿಗೆಯಲ್ಲಿಯೂ ಒಂದು ಕೌದಿಯಿತ್ತು. ಅವ್ವ ತನ್ನ ಹಳೆಯ ಇಳಕಲ್ ಸೀರೆಗಳ ತುಂಡುಗಳನ್ನು ಕೂಡಿಸಿ ಹೊಲಿದದ್ದು. ಮನೆ ಖಾಲಿ ಮಾಡುವಾಗ ಸಿಕ್ಕದ್ದು. ಅಣ್ಣನವರಿಗೆ ಕೊಡಬೇಕೆಂದು ತಂದಿದ್ದೆವು. ಹೇಗೆ ಕೊಡುವುದೆಂದು ತಿಳಿದಿರಲಿಲ್ಲ.

ದೂರದಿಂದ ಪೈನ್ ಮರಗಳ ದಟ್ಟಣೆಯಿಂದ ಕಪ್ಪಾಗಿ ಕಾಣುವುದರಿಂದ ಆ ಬೆಟ್ಟಗಳಿಗೆ ಆ ಹೆಸರು. ಗಾಡಿ ನಡೆಸುತ್ತ ಅಳಿಯಂದಿರು ಅವುಗಳ ಕಥೆ ಹೇಳಿದರು. 1868ರ ಒಪ್ಪಂದದಂತೆ ಈ ನೆಲ ಲಕೋಟ ಮೊದಲಾದ ಸೂ ಜನಾಂಗದವರದು. 1874ರಲ್ಲಿ ಚಿನ್ನ ಕಂಡಿತು. 1877ರಲ್ಲಿ ಸರ್ಕಾರ ನೆಲವನ್ನು ಕಿತ್ತುಕೊಂಡಿತು. 1980ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ಜನರಿಗೆ ಪರಿಹಾರ ಸಲ್ಲಬೇಕೆಂದು ತೀರ್ಪಿತ್ತಿತು. ನೆಲ ಮಾರಾಟಕ್ಕಿಲ್ಲವೆಂದು ಅವರು ಹಣವನ್ನು ಇಂದಿಗೂ ತೆಗೆದುಕೊಂಡಿಲ್ಲ. ಅದು ಬಡ್ಡಿ ಸೇರಿ ನೂರು ಕೋಟಿ ಡಾಲರಿಗೂ ಮಿಕ್ಕಿ ಬೆಳೆದಿದೆ. ಒಂದು ಜನಾಂಗದ ಸಂಕಟವೆಲ್ಲಿ, ನಮ್ಮ ಮನೆತನದ ಮುನಿಸೆಲ್ಲಿ! ಹೋಲಿಸುವುದು ಸಲ್ಲದು. ಆದರೂ ನಾವು ಬಹಳ ಹೊತ್ತು ಕಿಟಕಿಯ ಹೊರಗೇ ನೋಡುತ್ತ ಕುಳಿತೆವು.

ಕಸ್ಟರ್ ಊರಿನ ಹತ್ತಿರದ ತಂಗುದಾಣದಲ್ಲಿ ನಮ್ಮದಲ್ಲದೆ ಇನ್ನೂ ಮೂರು ಕ್ಯಾಂಪರುಗಳು, ಹುಡುಗರ ಡೇರೆಗಳು, ಮರದ ಕೊಠಡಿಗಳು. ಒಂದು ಕೊಠಡಿಯಲ್ಲಿ ಅಣ್ಣನವರು ಇಳಿದಿದ್ದರು. ಪಾದ ಮುಟ್ಟಿ ನಮಸ್ಕರಿಸಿದೆವು. “ಬಂದ್ರೇನು” ಎಂದರು, ಅಷ್ಟೆ. ಮುಂದಿನ ದಿನಗಳು ರೊಟ್ಟಿ, ಎಣ್ಣೆಗಾಯಿ, ಮಕ್ಕಳ ಗದ್ದಲದಲ್ಲಿ ಕಳೆದವು. ಅಲ್ಲಿಯ ಅಭಯವನದಲ್ಲಿ ಕಾಡುಕೋಣಗಳಂಥ ಬೈಸನ್‌ಗಳು ರಸ್ತೆಗೆ ಅಡ್ಡಬಂದು ಅರ್ಧ ಗಂಟೆ ನಿಲ್ಲಿಸಿದವು. ಅಣ್ಣನವರು ಎಲ್ಲರೊಡನೆ ನಕ್ಕರು, ನಮ್ಮೊಡನೆ ಮಾತ್ರ ಇಲ್ಲ.

ಕೊನೆಯ ರಾತ್ರಿ ಗುಡುಗುಮಳೆ. ಡೇರೆಗಳು ತೊಯ್ದು ಹುಡುಗರೆಲ್ಲ ಅಣ್ಣನವರ ಕೊಠಡಿಗೆ ನುಗ್ಗಿದರು. ಮಲಗಲು ಸ್ಥಳವಿಲ್ಲದೆ ಅಣ್ಣನವರು ಕೋಲೂರಿಕೊಂಡು ನಮ್ಮ ಗಾಡಿಯನ್ನು ಹತ್ತಿದರು. ಮೇಜನ್ನು ತಗ್ಗಿಸಿ ಹಾಸಿಗೆ ಮಾಡಿದೆವು. ಚಳಿಯಿತ್ತು. ನಮ್ಮ ಮನೆಯವರು ಏನೂ ಹೇಳದೆ ಕೌದಿಯನ್ನು ತೆಗೆದು ಅವರಿಗೆ ಹೊದಿಸಿದರು. ದೀಪ ಆರಿಸಿದ ಮೇಲೆ ಬಹಳ ಹೊತ್ತು ಮಳೆಯ ಸದ್ದೊಂದೇ.

“ಇದು ಅವ್ವನ ಸೀರಿ ಅಲ್ಲೇನು?”

“ಹೌದಣ್ಣ.”

“ಹಿತ್ತಲದಾಗಿನ ಬೇವಿನ ಗಿಡ ಐತೇನು?”

“ಕೊಂಡವರು ಕಡಿಸಿದರು. ನಿಮ್ಮನ್ನ ಕೇಳದ ಮಾರಿದ್ದು ನಮ್ಮ ತಪ್ಪು ಅಣ್ಣ.”

“ಕೇಳಿದ್ರ ನಾನೂ ಹೂಂ ಅಂತಿದ್ದೆ ತಮ್ಮಾ. ಕೇಳಬೇಕಾಗಿತ್ತು.”

ಮುಂಜಾನೆ ಹನ್ನೊಂದು ಗಂಟೆಯೊಳಗೆ ಜಾಗ ಬಿಡಬೇಕಾಗಿತ್ತು. ಅಳಿಯಂದಿರು ತೊಟ್ಟಿ ಖಾಲಿ ಮಾಡುವುದನ್ನು ಅಣ್ಣನವರು ಪಕ್ಕದಲ್ಲಿ ನಿಂತು ಕುತೂಹಲದಿಂದ ನೋಡಿದರು. ಬ್ಯಾಂಕಿನಲ್ಲಿರುವ ಹಣದ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ರ‍್ಯಾಪಿಡ್ ಸಿಟಿಯ ವಿಮಾನನಿಲ್ದಾಣಕ್ಕೆ ಮಗನ ಕಾರು ಸಿದ್ಧವಿದ್ದರೂ, ಅವರು ಕೌದಿಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ನಮ್ಮ ಗಾಡಿಯನ್ನೇ ಹತ್ತಿ ಕುಳಿತರು.