ಎದುರು ತೋಳಿನ ಲೆಕ್ಕ

ಶುದ್ಧ ಸೀಸವು 327 ಡಿಗ್ರಿ ಸೆಲ್ಸಿಯಸಿನಲ್ಲಿಯೂ ಶುದ್ಧ ತವರವು 232 ಡಿಗ್ರಿಯಲ್ಲಿಯೂ ಕರಗುತ್ತವೆ. ಇವೆರಡನ್ನೂ ಬೆರೆಸಿ ಮಾಡಿದ ಬೆಸುಗೆಲೋಹದ ನಡತೆ ಇಷ್ಟು ಸರಳವಲ್ಲ. ನೂರು ಪಾಲಿನಲ್ಲಿ 30 ಪಾಲು ತವರವಿರುವ ಮಿಶ್ರಲೋಹವು ತಣಿಯುವಾಗ ಸುಮಾರು 255 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗಿ, 183 ಡಿಗ್ರಿಗೆ ಇಳಿಯುವವರೆಗೂ ಪೂರ್ಣವಾಗಿ ಗಟ್ಟಿಯಾಗದೆ ಮುದ್ದೆಯಂತಿರುತ್ತದೆ. ನೀರಿಗೆ ಸೀಸದ ಕೊಳವೆಗಳನ್ನು ಬಳಸುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಕೊಳಾಯಿ ಕೆಲಸಗಾರನು ಈ ಮುದ್ದೆಯನ್ನೇ ನಂಬಿದ್ದನು. ಕೊಬ್ಬು ಸವರಿದ ದಪ್ಪ ಬಟ್ಟೆಯಿಂದ ಅದನ್ನು ಕೊಳವೆಯ ಸುತ್ತ ಒತ್ತಿ, ಸವರಿ, ಬೆಸೆಯುತ್ತಿದ್ದನು. ರೇಡಿಯೋ ದುರಸ್ತಿಯವನಿಗಾದರೋ ತಟ್ಟನೆ ಗಟ್ಟಿಯಾಗುವ, 60 ಪಾಲು ತವರದ ಲೋಹವೇ ಬೇಕು.

ಆ ಮುದ್ದೆಯಲ್ಲಿ ಗಟ್ಟಿ ಎಷ್ಟು, ದ್ರವವೆಷ್ಟು? ಸೀಸ-ತವರಗಳ ಪ್ರಾವಸ್ಥಾ ನಕ್ಷೆ ಇದಕ್ಕೆ ನೇರವಾಗಿ ಉತ್ತರ ಹೇಳುವುದಿಲ್ಲ; ಲೆಕ್ಕಮಾಡಿ ಪಡೆಯಬೇಕು. ನಕ್ಷೆಯ ಬುಡದಲ್ಲಿ ತವರದ ಪಾಲು, ಪಕ್ಕದಲ್ಲಿ ಉಷ್ಣತೆ. 183 ಡಿಗ್ರಿಗಿಂತ ಕೂದಲೆಳೆಯಷ್ಟು ಮೇಲೆ ಅಡ್ಡಗೆರೆಯೊಂದನ್ನೆಳೆದರೆ, ಅದರ ಎಡತುದಿ ಸುಮಾರು 19ರಲ್ಲಿ ಗಟ್ಟಿಯ ಗಡಿಯನ್ನೂ, ಬಲತುದಿ ಸುಮಾರು 62ರಲ್ಲಿ ದ್ರವದ ಗಡಿಯನ್ನೂ ಮುಟ್ಟುತ್ತದೆ. ಗೆರೆಯ ಉದ್ದ 43. ಲೋಹವಿರುವುದು 30ರಲ್ಲಿ, ಎಡತುದಿಗೆ 11, ಬಲತುದಿಗೆ 32.

ಹೊಸ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ಗಟ್ಟಿಯ ಕಡೆಯ ತುಂಡು 11 ಎಂದು ಕಂಡು, ಗಟ್ಟಿಯ ಪಾಲು 43ರಲ್ಲಿ 11 ಎಂದು ಬರೆದುಬಿಡುತ್ತಾನೆ. ಗುಣಾಕಾರ ಭಾಗಾಕಾರಗಳು ನಿರ್ದೋಷವಾಗಿದ್ದರೂ ಉತ್ತರ ತಲೆಕೆಳಗು! ಅವನ ಲೆಕ್ಕವನ್ನು ನಂಬಿದರೆ ಮುಕ್ಕಾಲು ಪಾಲು ಲೋಹ ದ್ರವವಾಗಿ, ಕೆಲಸಗಾರನ ಬಟ್ಟೆಯಿಂದ ಜಾರಿ ನೆಲಕ್ಕೆ ಸುರಿಯಬೇಕು.

ನಿಜಕ್ಕೂ ಗಟ್ಟಿಯ ಪಾಲಿಗೆ ದ್ರವದ ಕಡೆಯ ತೋಳನ್ನು ತೆಗೆದುಕೊಳ್ಳಬೇಕು: 43ರಲ್ಲಿ 32, ಅಂದರೆ ನೂರಕ್ಕೆ ಸುಮಾರು 74. ಉಳಿದ 26 ದ್ರವ. ಉದ್ದ ಹಲಗೆಯ ಎರಡು ತುದಿಗಳಲ್ಲಿ ಕುಳಿತು ಏರಿಳಿಯುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭಾರದ ಹುಡುಗನು ತಾನಾಗಿಯೇ ಆನಿಕೆಯ ಹತ್ತಿರಕ್ಕೆ ಸರಿಯುತ್ತಾನೆ. ಆದಕಾರಣವೇ ಇದಕ್ಕೆ ಸನ್ನೆಯ ನಿಯಮವೆಂಬ ಹೆಸರು. ಹೋಲಿಕೆಯಲ್ಲಿ ನಂಬಿಕೆ ಸಾಲದವನು ತವರದ ಜಮಾಖರ್ಚು ನೋಡಲಿ. ನೂರು ಕಿಲೋ ಲೋಹದಲ್ಲಿ 30 ಕಿಲೋ ತವರ. 74.4 ಕಿಲೋ ಗಟ್ಟಿಯಲ್ಲಿ ನೂರಕ್ಕೆ 19ರಂತೆ 14.1 ಕಿಲೋ, 25.6 ಕಿಲೋ ದ್ರವದಲ್ಲಿ ನೂರಕ್ಕೆ 62ರಂತೆ 15.9 ಕಿಲೋ. ಕೂಡಿದರೆ ಮೂವತ್ತೇ. ತಲೆಕೆಳಗಾದ ಲೆಕ್ಕದಲ್ಲಿ ತವರ 51 ಕಿಲೋ ಆಗುತ್ತದೆ. ಹೆಚ್ಚಿನ 21 ಕಿಲೋ ಎಲ್ಲಿಂದ ಬಂತೆಂದು ಕೇಳಿದರೆ ವಿದ್ಯಾರ್ಥಿಯ ಬಳಿ ಉತ್ತರವಿರದು.

ಈ ಪಾಲುಗಳು ತೂಕದವು. ಸೂಕ್ಷ್ಮದರ್ಶಕದ ಕೆಳಗೆ ಕಾಣುವ ವಿಸ್ತೀರ್ಣವನ್ನು ಇವುಗಳೊಂದಿಗೆ ಹಾಗೆಯೇ ಹೋಲಿಸಲಾಗದು. ಸೀಸವು ನೀರಿಗಿಂತ 11.3 ಪಟ್ಟು, ತವರವು 7.3 ಪಟ್ಟು ಸಾಂದ್ರವಾದುದರಿಂದ, ತವರ ಹೆಚ್ಚಿರುವ ಭಾಗವು ತನ್ನ ತೂಕಕ್ಕಿಂತ ತುಸು ಹೆಚ್ಚೇ ಜಾಗ ಹಿಡಿದು ಕಾಣುತ್ತದೆ. ಸರಿಯಾಗಿ 183 ಡಿಗ್ರಿಯಲ್ಲಂತೂ ಮೂರು ಪ್ರಾವಸ್ಥೆಗಳು ಕೂಡುವುದರಿಂದ ಈ ಸನ್ನೆ ಕೆಲಸಕ್ಕೆ ಬಾರದು.

ಇನ್ನೂ ಒಂದು ತೊಡಕುಂಟು. ನಕ್ಷೆಯು ನಿಧಾನವಾಗಿ ತಣಿದು ಸಮತೋಲದಲ್ಲಿರುವ ಲೋಹದ್ದು. ಬೇಗನೆ ತಣಿಸಿದರೆ ಮೊದಲು ಹೆಪ್ಪುಗಟ್ಟಿದ ಹರಳುಗಳ ಒಡಲಿಗೆ ತವರವು ಸೇರಲು ಹೊತ್ತು ಸಾಲದೆ, ಅದು ದ್ರವದಲ್ಲಿಯೇ ಉಳಿಯುತ್ತದೆ. ಆಗ 183 ಡಿಗ್ರಿ ಸಮೀಪಿಸಿದಾಗ, ಲೆಕ್ಕ ಹೇಳಿದ 26 ಪಾಲಿಗಿಂತ ಹೆಚ್ಚು ದ್ರವ ಕೊಳವೆಯ ಸುತ್ತ ಇನ್ನೂ ಹಸಿಯಾಗಿಯೇ ಇರುತ್ತದೆ.