ಝೆಬೆಸ್‌ನ ಬಾವಿಯಲ್ಲಿ

'ಸೂಪರ್ ಮೆಟ್ರಾಯ್ಡ್' ನನಗಿಂತ ಹಿರಿದು. ನಿಂಟೆಂಡೊ ಅದನ್ನು ಬಿಡುಗಡೆ ಮಾಡಿದ್ದು 1994ರಲ್ಲಿ; ನಾನಿನ್ನೂ ಹುಟ್ಟಿರಲಿಲ್ಲ. ಇಡೀ ಆಟ ಮೂರು ಮೆಗಾಬೈಟಿನ ಕಾರ್ಟ್ರಿಡ್ಜಿನಲ್ಲಿ ಹಿಡಿಸಿತ್ತು. ನನ್ನ ಪಿಎಚ್.ಡಿ. ಸಿನಾಪ್ಸಿಸ್ಸಿನ ಪಿಡಿಎಫ್ ಅದಕ್ಕಿಂತ ದೊಡ್ಡದು.

ಹಾಸ್ಟೆಲಿನ ಪಕ್ಕದ ರೂಮಿನ ಗೆಳೆಯನ ಸ್ವಿಚ್‌ನಲ್ಲಿ ಅದನ್ನು ಶುರುಮಾಡಿದ್ದು ಸಂಶೋಧನೆಯ ಮೂರನೆಯ ವರ್ಷ. ಎರಡನೆಯ ಅಧ್ಯಾಯ ಮೂರು ಸಲ ವಾಪಸು ಬಂದಿತ್ತು. ಗೈಡ್ ಪ್ರತಿ ಸಲವೂ ಬರೆದದ್ದು ಒಂದೇ: ಮೂಲವನ್ನು ಇನ್ನೊಮ್ಮೆ ಓದಿ. ಬಿಟ್ಟು ಊರಿಗೆ ಹೋಗಿಬಿಡೋಣ ಎಂದು ದಿನಕ್ಕೊಮ್ಮೆಯಾದರೂ ಅನಿಸುತ್ತಿತ್ತು.

ಕಥೆ ಎರಡು ಸಾಲಿನದು. ಕದ್ದೊಯ್ದ ಮೆಟ್ರಾಯ್ಡ್ ಮರಿಯನ್ನು ಹುಡುಕುತ್ತ ಸೇಮಸ್ ಎಂಬ ಬೇಟೆಗಾರ್ತಿ ಝೆಬೆಸ್ ಗ್ರಹಕ್ಕೆ ಇಳಿಯುತ್ತಾಳೆ. ಮಳೆ ಹೊಯ್ಯುತ್ತಿರುತ್ತದೆ. 1986ರ ಮೊದಲ ಆಟದಲ್ಲಿ ಅವಳೇ ಹಾಳುಗೆಡವಿ ಹೋದ ನೆಲೆಯ ಅವಶೇಷಗಳು. ಎದುರಿಗೆ ಒಬ್ಬ ಶತ್ರುವೂ ಇಲ್ಲ. ಕೆಳಗಿಳಿದು ಒಂದೆರಡು ಉಪಕರಣ ಎತ್ತಿಕೊಂಡು ಅದೇ ದಾರಿಯಲ್ಲಿ ಮರಳಿದರೆ, ಖಾಲಿಯಿದ್ದ ಕೋಣೆಗಳಲ್ಲಿ ಕಡಲ್ಗಳ್ಳರಂಥ ಬಾಹ್ಯಾಕಾಶದ ದರೋಡೆಕೋರರು ಕಾದಿರುತ್ತಾರೆ. ಈ ಆಟದಲ್ಲಿ ನೋಡಿ ಮುಗಿಸಿದ ಜಾಗ ಅನ್ನುವುದೇ ಇಲ್ಲ. ಬಣ್ಣದ ಬಾಗಿಲುಗಳು ತೆರೆಯದೆ ನಿಂತಿರುತ್ತವೆ, ಆಮೇಲೆ ಬಾ ಎನ್ನುತ್ತವೆ.

ಇದನ್ನೆಲ್ಲ ಬಹಳ ಜನ ಹೊಗಳಿದ್ದಾರೆ. ನನ್ನೊಳಗೆ ಉಳಿದದ್ದು ಒಂದು ಬಾವಿ.

ಬ್ರಿನ್‌ಸ್ಟಾರ್ ಎಂಬ ಹಸಿರು ಪ್ರದೇಶದ ತಳದಲ್ಲಿ ಬಾವಿಯಂಥ ಎತ್ತರದ ಜಾಗವೊಂದಿದೆ. ಇಳಿದೆ. ಮೇಲೆ ಬರಲು ಜಿಗಿತ ಸಾಲದು. ಹಗ್ಗವಿಲ್ಲ, ಮೆಟ್ಟಿಲಿಲ್ಲ. ಅಲ್ಲಿ ಕೋತಿಮರಿಗಳಂಥ ಮೂರು ಪ್ರಾಣಿಗಳಿದ್ದವು. ಏನೋ ರಾಗ ಹಾಡಿ, ಈ ಗೋಡೆಯಿಂದ ಆ ಗೋಡೆಗೆ ಚಿಮ್ಮುತ್ತ ಮೇಲೇರುತ್ತಿದ್ದವು. ಅಲಂಕಾರಕ್ಕೆ ಇಟ್ಟಿದ್ದಾರೆ ಎಂದುಕೊಂಡು ಅರ್ಧ ಗಂಟೆ ಗೋಡೆಗಳಿಗೆ ಬಾಂಬಿಟ್ಟೆ. ಆಮೇಲೆ ಹೊಳೆಯಿತು: ಕಲಿಸುತ್ತಿವೆ! ಗೋಡೆ ತಾಗಿದ ಕ್ಷಣ ಎದುರು ದಿಕ್ಕನ್ನು ಒತ್ತಿ, ಮರುಕ್ಷಣ ಜಿಗಿತದ ಗುಂಡಿ. ಬೆರಳು ಹೊಂದಲು ಒಂದು ರಾತ್ರಿ ಹಿಡಿಯಿತು.

ಈ ವಿದ್ಯೆ ಯಾವ ಉಪಕರಣದಿಂದಲೂ ಬರುವುದಲ್ಲ. ಮಳೆಯಲ್ಲಿ ಇಳಿದ ಮೊದಲ ಗಳಿಗೆಯಿಂದಲೇ ಸೇಮಸ್‌ಗೆ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೆ.

ನನ್ನ ವಿಷಯ ದಾನಶಾಸನಗಳು. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಯಾರು, ಯಾರಿಗೆ, ಯಾವಾಗ ಕೊಟ್ಟರು ಎಂದು ಗುರುತು ಹಾಕಿಕೊಂಡು, ಎಲ್ಲೆ ಹೇಳುವ ಸಾಲುಗಳನ್ನು ದಾಟಿಬಿಡುತ್ತಿದ್ದೆ. ಹುಣಸೆಮರ, ಹುತ್ತ, ಕೆರೆಯ ಏರಿ, ನೆಟ್ಟ ಕಲ್ಲು. ಆ ವಾರ ಅವನ್ನೇ ಓದತೊಡಗಿದೆ. ಊರಿನ ಗಡಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬಂದವನೊಬ್ಬನ ದನಿ ಅಲ್ಲಿತ್ತು. ಅದನ್ನು ಕೇಳಲು ಹೊಸ ಸಿದ್ಧಾಂತವೇನೂ ಬೇಕಿರಲಿಲ್ಲ, ಎಂ.ಎ.ಯಲ್ಲಿ ಕಲಿತ ಹಳಗನ್ನಡ ಸಾಕಿತ್ತು. ಇದಕ್ಕೆ ಆಟವೇ ಕಾರಣ ಎಂದರೆ ಗೈಡ್ ನಗುತ್ತಾರೆ. ಅವರು ಹೇಳುತ್ತಿದ್ದದ್ದೂ ಅದನ್ನೇ ತಾನೆ. ಅಲ್ಲದೆ ಝೆಬೆಸ್‌ನ ಬಾವಿಯಿಂದ ಹೊರಬರಬಹುದು ಎಂದು ಖಚಿತಪಡಿಸಿಕೊಂಡೇ ಅದನ್ನು ತೋಡಿದ್ದಾರೆ. ಅಧ್ಯಾಯಕ್ಕೆ ಆ ಖಾತ್ರಿ ಇಲ್ಲ.

ಕೊನೆಯಲ್ಲಿ ಗ್ರಹ ಸಿಡಿಯುವ ಮೊದಲು ಪಾರಾಗಲು ಮೂರು ನಿಮಿಷ ಸಿಗುತ್ತದೆ. ದಾರಿ ಬಿಟ್ಟು ಪಕ್ಕದ ಕೋಣೆಗೆ ಹೋದರೆ ಆ ಪ್ರಾಣಿಗಳು ಸಿಕ್ಕಿಕೊಂಡಿರುತ್ತವೆ. ಆಟ ಅದನ್ನು ಹೇಳುವುದಿಲ್ಲ. ಗೇಮ್ಸ್ ಡನ್ ಕ್ವಿಕ್ ಎಂಬ ದೇಣಿಗೆ ಸಂಗ್ರಹದ ಮ್ಯಾರಥಾನಿನಲ್ಲಿ ಅವನ್ನು ಉಳಿಸಬೇಕೋ, ಸಮಯ ಉಳಿಸಬೇಕೋ ಎಂದು ನೋಡುಗರು ಪೈಪೋಟಿಯಲ್ಲಿ ಹಣ ಹಾಕುತ್ತಾರೆ. ಮೊದಲ ಸಲ ನಾನು ಗೊತ್ತಿಲ್ಲದೆ ಓಡಿಬಂದಿದ್ದೆ.

ಎರಡನೆಯ ಸಲ ತಿರುಗಿ ಹೋಗಿ ಗೋಡೆ ಒಡೆದೆ. ಗ್ರಹ ಸಿಡಿದಾಗ ಬೆಳಕಿನ ಸಣ್ಣ ಚುಕ್ಕಿಯೊಂದು ದೂರ ಹಾರಿತು. ಗೆಳೆಯನಿಗೆ ತೋರಿಸಿದೆ.

"ಎಲ್ಲಿ ಮಾರಾಯ?" ಎಂದ. ಅಷ್ಟರಲ್ಲಿ ಹೋಗಿತ್ತು.