ಹರಿದ್ರೆಯ ಕಣಿವೆಗೆ ಕಟ್ಟಿದ ಏರಿ

ದಾವಣಗೆರೆಯ ಆನೆಕೊಂಡದ ಈಶ್ವರನಿಗೆ ಕೈಮುಗಿದು ಸಂತೇಬೆನ್ನೂರಿನ ದಾರಿ ಹಿಡಿಯಿರಿ. ಪುಷ್ಕರಿಣಿಯ ಆ ಊರು ದಾಟಿದ ಮೇಲೆ ಅಡಿಕೆ ತೋಟಗಳು ಒತ್ತೊತ್ತಾಗುತ್ತವೆ, ಎದುರಿಗೆ ಗುಡ್ಡದ ಸಾಲು ಅಡ್ಡ ಬರುತ್ತದೆ. ಆ ಸಾಲಿನಲ್ಲೊಂದು ಸೀಳು. ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುವ ಹರಿದ್ರಾ ಹಳ್ಳ ನುಸುಳಿ ಬರುವುದು ಅಲ್ಲಿಂದಲೇ. ಆ ಸೀಳಿಗೆ ಅಡ್ಡಲಾಗಿ ಕಟ್ಟಿದ್ದೇ ಸೂಳೆಕೆರೆಯ ಏರಿ.

ಹತ್ತಿ ನಿಲ್ಲಿ. ಮೊದಲು ಗಾಳಿ ಬಡಿಯುತ್ತದೆ, ಆಮೇಲೆ ನೀರು ಕಣ್ಣಿಗೆ ಬೀಳುತ್ತದೆ. ಎಷ್ಟು ದಿಟ್ಟಿಸಿದರೂ ಆಚೆ ದಡ ಸರಿಯಾಗಿ ಕಾಣದು. ಅಲೆಗಳು ಏರಿಯ ಕಲ್ಲುಗಳಿಗೆ ಅಪ್ಪಳಿಸಿ, ಸಂದುಗಳೊಳಗೆ ನುಗ್ಗಿ, ನೊರೆಯಾಗಿ ಹಿಂದೆ ಸರಿಯುತ್ತವೆ. ಬಗ್ಗಿ ಮುಟ್ಟಿದರೆ ಕಲ್ಲು ಪಾಚಿಯಿಂದ ಜಾರುತ್ತದೆ, ಮೇಲಿನ ಸಾಲಿನದು ಬಿಸಿಲಿಗೆ ಕಾದಿದೆ. ಈಗ ತಿರುಗಿ ನೋಡಿ: ಬೆನ್ನ ಹಿಂದೆ ನೆಲ ಆಳಕ್ಕೆ ಕುಸಿದು, ಕಣಿವೆಯ ತಳದಲ್ಲಿ ಹಸಿರು ತುಂಬಿದೆ. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಕಮರಿ.

ಏರಿಯ ಉದ್ದ ಸುಮಾರು 950 ಅಡಿ. ಸಾವಧಾನವಾಗಿ ನಡೆದರೂ ಐದು ನಿಮಿಷದಲ್ಲಿ ಮುಗಿಯುತ್ತದೆ. ಕೆರೆಯ ಸುತ್ತಳತೆ 40 ಮೈಲಿ ಎಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾನೆ. ಇಷ್ಟು ಗಿಡ್ಡ ಏರಿಗೆ ಅಷ್ಟು ನೀರು! ಬ್ರಿಟಿಷರು ಇಲ್ಲಿಗೆ ಬಂದು ಅಳೆದು ಬರೆಯುವ ಹೊತ್ತಿಗೆ ಏರಿ ಶತಮಾನಗಳ ಮಳೆಗಾಲ ಕಂಡಿತ್ತು. ನನ್ನ ಮಟ್ಟಿಗೆ ಈ ಕಣಿವೆಯ ನಿಜವಾದ ಶೋಧಕರು ಅವರಲ್ಲ. ಹಳ್ಳದ ಗುಂಟ ಗುಡ್ಡಗುಡ್ಡ ಅಲೆದು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಡೆದರೆ ನಿಲ್ಲುತ್ತದೆ ಎಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿ, ಇದೇ ಜಾಗಕ್ಕೆ ಬೆರಳು ತೋರಿಸಿದವರು.

ಜನ ಹೇಳುವ ಹೆಸರು ಶಾಂತವ್ವನದು. ಸ್ವರ್ಗಾವತಿಯೆಂಬ ಪಟ್ಟಣದ ರಾಜಕುಮಾರಿ. ಹೊತ್ತ ಕಳಂಕ ಕಳೆದುಕೊಳ್ಳಲು ಕೆರೆ ಕಟ್ಟಿಸಿದಳು, ಪಟ್ಟಣವೇ ನೀರಿನಡಿ ಸೇರಿತು ಎಂಬ ಕಥೆ. ಶಾಂತಿಸಾಗರ ಎಂಬ ಇನ್ನೊಂದು ಹೆಸರಿನಲ್ಲಿ ಅವಳು ಉಳಿದಿದ್ದಾಳೆ. ಸಿದ್ಧನ ತೂಬು, ಬಸವನ ತೂಬುಗಳಿಂದ ಬಿಟ್ಟ ನೀರು ಕೆಳಗಿನ ಗದ್ದೆ ತೋಟಗಳಿಗೆ ಹೋಗುತ್ತದೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಯ ನೀರೇ. ಈಗ ಭದ್ರಾ ನಾಲೆಯ ನೀರೂ ಬಂದು ಸೇರುತ್ತದೆ.

ಇಷ್ಟಾದರೂ ಕೆರೆಯ ಅಂಗಳದಲ್ಲಿ ಹೂಳು ಕೂತಿದೆ, ಅಂಚುಗಳಲ್ಲಿ ಒತ್ತುವರಿ ನಡೆದಿದೆ. ಗಡಿ ಅಳೆದು ಕಲ್ಲು ನೆಡಿ ಎಂದು ಸುತ್ತಲಿನ ಜನ ಹೋರಾಡಿದ್ದಾರೆ. ದೋಣಿವಿಹಾರ, ಉದ್ಯಾನದ ಮಾತು ಆಮೇಲಿರಲಿ; ಮೊದಲು ಆ ಕಲ್ಲುಗಳು ನಿಲ್ಲಲಿ.